ಬಾಯಿಪಾಠ ಮಾಡಬಾರದ ಪತ್ರ

ಬೆಂಗಳೂರು
8 ಅಕ್ಟೋಬರ್ 1961

ಅಬ್ಬಾ ಅವರಿಗೆ ಸುಗರಾಳ ಸಲಾಮು.

ಮೊದಲು ಕ್ಷಮೆ ಕೇಳುತ್ತೇನೆ. ಈ ತಿಂಗಳ ಪತ್ರವನ್ನು ಹೋದ ವಾರವೇ ಹಾಕಿದ್ದೆ. ಈಗ ಮತ್ತೆ ಬರೆಯುವುದಕ್ಕೆ ಅಂಥ ಕಾರಣ ಏನೂ ಇಲ್ಲ. ಜ್ವರ ಇಲ್ಲ, ಯಾವ ಸರ್ಟಿಫಿಕೇಟೂ ಬೇಕಾಗಿಲ್ಲ. ವಾಸುದೇವ ಮಾಸ್ತರರ ಕೈಯಲ್ಲಿ ನೀವು ಬರೆಸಿ ಕಳಿಸಿದ ಪತ್ರದ ಕೊನೆಗೆ ಒಂದು ಸಾಲು ಬೇರೆ ಅಕ್ಷರದಲ್ಲಿತ್ತು: ‘ಇನ್ನ ಮುಂದ ನನಗೇ ಕನ್ನಡದಾಗ ಬರಿ, ಮಾಸ್ತರಗ ಬ್ಯಾಡ.’ ಅದು ನಿಮ್ಮ ಕೈಬರಹ ಅಂತ ತಿಳಿಯಲು ನನಗೆ ಎರಡು ದಿನ ಬೇಕಾಯಿತು. ನಿಮ್ಮ ಉರ್ದು ಬರಹ ನೋಡಿದ್ದೇನೆ, ಅದು ಕಾಗದದ ಮೇಲೆ ಓಡುತ್ತದೆ. ಈ ಸಾಲಿನಲ್ಲಿ ಒಂದೊಂದು ಅಕ್ಷರವೂ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಜನ ಕೂತ ಹಾಗೆ ದೂರ ದೂರ ಕೂತಿತ್ತು.

ಅದಕ್ಕೇ ಬರೆಯುತ್ತಿದ್ದೇನೆ. ಆದರೆ ನಿಮಗೆ ನೇರವಾಗಿ ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ ಅಬ್ಬಾ. ಅಮ್ಮಿ ತೀರಿಕೊಂಡ ವರ್ಷ ನನ್ನನ್ನು ಶಹಾಬಾದದ ಬೋರ್ಡಿಂಗಿಗೆ ಹಾಕಿದಿರಿ. ಅಲ್ಲಿ ಇಂಗ್ಲಿಷ್ ಕಲಿಸಿದರು, ಕನ್ನಡ ಕಲಿಸಿದರು, ಉರ್ದು ಅಕ್ಷರ ಯಾರೂ ಕಲಿಸಲಿಲ್ಲ. ನಿಮಗೆ ಉರ್ದು ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ಹನ್ನೊಂದು ವರ್ಷ ನನ್ನ ಒಂದೊಂದು ಪತ್ರವನ್ನೂ ಮಾಸ್ತರರು ತಮ್ಮ ಕಟ್ಟೆಯ ಮೇಲೆ ಕೂತು ಜೋರಾಗಿ ಓದಿ ಹೇಳಿದ್ದಾರೆ, ಒಳಗಿನಿಂದ ಅವರ ಹೆಂಡತಿ ಅನಸೂಯಾಬಾಯಿಯವರು ಕೇಳಿಸಿಕೊಂಡಿದ್ದಾರೆ. ಹಾಗಾಗಿ ನನಗೆ ಬರೆಯಲು ಬರುವುದು ಒಂದೇ ತರಹದ ಲೆಟರ್. ನಾನು ಕ್ಷೇಮ, ಓದು ಚೆನ್ನಾಗಿ ನಡೆದಿದೆ, ಮಾಸ್ತರರ ಮನೆಯವರಿಗೆ ನಮಸ್ಕಾರ.

ಪರೀಕ್ಷೆಯ ವಿಷಯವನ್ನು ಮಾಸ್ತರರೇ ಬರೆದಿದ್ದರು. ಹೈದರಾಬಾದ್ ಸರ್ಕಾರದಿಂದ ಮೈಸೂರು ರಾಜ್ಯಕ್ಕೆ ಬಂದ ಗುಮಾಸ್ತರು ಬರುವ ಮಾರ್ಚ್ ಮೂವತ್ತೊಂದರೊಳಗೆ ಕನ್ನಡ ಪರೀಕ್ಷೆ ಪಾಸು ಮಾಡದಿದ್ದರೆ ನೌಕರಿಯಿಂದ ಬಿಡಿಸುತ್ತಾರಂತೆ. ನೀವು ಎರಡು ಸಲ ಕೂತಿರಂತೆ, ಎರಡು ಸಲವೂ ಆಗಲಿಲ್ಲವಂತೆ. ಚಿತ್ತಾಪುರದ ತಹಸೀಲಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರನ್ನು ಹಾಗೆ ಬಿಡಿಸಲು ಬರುತ್ತದಾ? ಇದನ್ನು ನೀವು ನನಗೆ ಹೇಳಿಯೇ ಇರಲಿಲ್ಲ.

ಒಂದು ಮಾತು. ನನ್ನ ಕನ್ನಡವನ್ನು ಭಾಳ ನಂಬಬೇಡಿ. ಇಲ್ಲಿ ಕಾಲೇಜ್ ಹಾಸ್ಟೆಲಿನ ಮೆಸ್ಸಿನಲ್ಲಿ ನಾನು ‘ಭಾಳ ಖಾರ ಅದ’ ಅಂದರೆ ಹುಡುಗಿಯರು ಅದನ್ನೇ ರಾಗ ಎಳೆದು ಹೇಳಿ ನಗುತ್ತಾರೆ. ನಿಜಾಮರ ಊರಿನವಳು ಅಂತ ಹೆಸರಿಟ್ಟಿದ್ದಾರೆ. ತಿದ್ದಿಕೊಂಡು ಮಾತಾಡಲು ಹೋದರೆ ಬಾಯಿಗೆ ಇಂಗ್ಲಿಷ್ ಬರುತ್ತದೆ, ಆಗ ಮೇಮ್‌ಸಾಹೇಬ್ ಅನ್ನುತ್ತಾರೆ. ಅದಕ್ಕೇ ಈಚೆಗೆ ಸುಮ್ಮನಿರುತ್ತೇನೆ.

ರಜಾ ಅರ್ಜಿಯ ಮಾದರಿ ಒಂದನ್ನು ಬೇರೆ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಇಟ್ಟಿದ್ದೇನೆ. ಪರೀಕ್ಷೆಗೆ ಅದು ಬರಬಹುದು.

ನಿಮ್ಮ ಮಗಳು
ಸುಗರಾ

*

ಚಿತ್ತಾಪುರ
29 ಅಕ್ಟೋಬರ್ 1961

ಬೇಟಿ ಸುಗರಾಗ ಅಬ್ಬಾನ ದುವಾ.

ನಿನ್ನ ಖತ್ ಬಂತು. ಓದಿ ಮುಗಿಸ್ಲಿಕ್ಕಿ ಒಂದು ಜುಮ್ಮಾದಿಂದ ಇನ್ನೊಂದು ಜುಮ್ಮಾತನಕ ಹಿಡೀತು. ಮಾಸ್ತರಗ ತೋರ್ಸಿಲ್ಲ. ಅವರು ಎರಡು ಸಲ ಕೇಳಿದ್ರು, ಮಗಳ ಖತ್ ಬರ್ಲಿಲ್ಲೇನು ಗನಿ ಸಾಬ್ ಅಂತ. ಬಂದಿಲ್ಲ ಅಂತ ಸುಳ್ಳು ಹೇಳ್ದೆ.

ರಜಾ ಅರ್ಜಿ ಬಾಯಿಪಾಠ ಆಗ್ಯದ. ನಾ ಕಲಿಯೂದು ಹ್ಯಾಂಗ ಅಂತ ನಿನಗ ಗೊತ್ತಿಲ್ಲ. ಸಣ್ಣವ ಇದ್ದಾಗ ಸುಲೇಪೇಟದಾಗ ಹಾಫಿಜ್ ಸಾಬರು ನಮ್ಮನ್ನ ಸಾಲಿಗೆ ಕುಂದ್ರಿಸಿ ಹಿಂದ ಮುಂದ ತೂಗಿಕೋತ ಕುರಾನ್ ಹೇಳ್ಸತಿದ್ರು. ಮೊದಲು ನಾಲಿಗಿಗಿ ಬರಲಿ, ಅರ್ಥ ಆಮ್ಯಾಲೆ ತಾನೇ ಬರ್ತದ ಅಂತಿದ್ರು. ನನಗ ಬ್ಯಾರೆ ರೀತಿ ಕಲೀಲಿಕ್ಕಿ ಬರಂಗಿಲ್ಲ. ದಿನಾ ಮುಂಜಾನಿ ಫಜರ್ ನಮಾಜ್ ಆದ ಮ್ಯಾಲೆ ಹಿತ್ತಲದಾಗ ಕುಂತು ತೂಗಿಕೋತ ನಿನ್ನ ಕಾಗದ ಓದ್ತೀನಿ. ಬಾಜೂ ಮನಿ ಆಶಾಬಿ ಗ್ವಾಡಿ ಮ್ಯಾಲಿಂದ ಕೇಳಿದಳು, ‘ಕುರಾನಿನ ಯಾವ ಪಾರಾ ಓದ್ಲಿಕತ್ತೀರಿ ಭಾಯಿಜಾನ್?’ ‘ಎಂಟು ದಿನದ ರಜೆಯನ್ನು ದಯಪಾಲಿಸಬೇಕು’ ಅಂತ ಓದ್ಲಿಕತ್ತೀನಿ ಅಂದೆ. ಆಕಿ ಆಮೀನ್ ಅಂದಳು.

ನಿನ್ನ ಖತ್ ಸೈತ ಹತ್ತು ಸಲ ನಕಲು ತೆಗ್ದೀನಿ. ಒಂದು ನಕಲು ಇದರ ಸಂಗಾಟ ಇಟ್ಟೀನಿ. ಅಕ್ಷರ ನೋಡಿ ಹೇಳು. ಈ ಖತ್ ನಾನೇ ಮಾತಾಡಿದಂಗ ಬರದೀನಿ, ಪುಸ್ತಕದ ಕನ್ನಡ ನನಗ ಇನ್ನಾ ಬರಂಗಿಲ್ಲ.

ನೌಕರಿ ಬಿಡಿಸ್ಲಿಕ್ಕಿ ಬರ್ತದಾ ಅಂತ ಕೇಳಿದ್ದಿ. ಬರ್ತದ. ಛಪ್ಪನ್ನದ ಸಾಲಿನಾಗ, ಐವತ್ತಾರರಾಗ, ಹೈದರಾಬಾದ್ ಸರ್ಕಾರ ಒಡದಾಗ ಎಲ್ಲಿರ್ತೀರಿ ಬರಕೊಡ್ರಿ ಅಂತ ಕೇಳಿದ್ರು. ನಮ್ಮ ದಫ್ತರದಾಗಿನ ಆರು ಮಂದಿ ಹೈದರಾಬಾದಕ್ಕ ಬರಕೊಟ್ಟು ಹೋದ್ರು. ನಾ ಇಲ್ಲೇ ಅಂತ ಬರಕೊಟ್ಟೆ. ಗನಿ, ನಿನಗ ಕನ್ನಡ ಅಕ್ಷರ ಬರಂಗಿಲ್ಲ, ಇಲ್ಲಿದ್ದು ಏನು ಮಾಡ್ತಿ ಅಂತ ತಹಸೀಲ್ದಾರ ಸಾಹೇಬರು ಕೇಳಿದ್ರು. ಮಗಳು ಶಹಾಬಾದದಾಗ ಓದ್ಲಿಕತ್ತಾಳ ಅಂದೆ.

ಇನ್ನ ದೊಡ್ಡ ದೊಡ್ಡ ಖತ್ ಬರಿ. ಪರೀಕ್ಷಾ ಜನವರಿ 21ಕ್ಕ ಗುಲಬರ್ಗಾದಾಗ ಅದ.

ಅಬ್ದುಲ್ ಗನಿ

*

ಬೆಂಗಳೂರು
3 ಡಿಸೆಂಬರ್ 1961

ಅಬ್ಬಾ,

ನವೆಂಬರಿನಲ್ಲಿ ಮೂರು ಪತ್ರ ಹಾಕಿದೆ, ಮೂರಕ್ಕೂ ನಕಲು ಬಂತು. ನನ್ನದೇ ಪತ್ರ, ಕೆಳಗೆ ನನ್ನದೇ ಹೆಸರು, ನಿಮ್ಮ ಅಕ್ಷರ. ಅಕ್ಷರ ನಿಜವಾಗಿಯೂ ಸುಧಾರಿಸಿದೆ. ಅಕ್ಟೋಬರಿನಲ್ಲಿ ಕಳಿಸಿದ ಮೊದಲನೆಯ ನಕಲಿನಲ್ಲಿ ‘ಅದಕ್ಕೇ ಈಚೆಗೆ ಸುಮ್ಮನಿರುತ್ತೇನೆ’ ಅನ್ನುವ ಸಾಲೂ ಇತ್ತು. ಅದನ್ನು ನೀವು ಹತ್ತು ಸಲ ಬರೆದಿದ್ದೀರಿ. ಅದಕ್ಕೆ ಏನಾದರೂ ಹೇಳುತ್ತೀರಿ ಅಂದುಕೊಂಡಿದ್ದೆ.

ಈ ಪತ್ರವನ್ನು ಮಾತ್ರ ಬಾಯಿಪಾಠ ಮಾಡಬೇಡಿ. ನಕಲು ತೆಗೆಯಬೇಡಿ. ಒಂದು ಸಲ ಓದಿ, ಸಾಕು.

ಇಲ್ಲಿ ಭಾನುವಾರ ಮಧ್ಯಾಹ್ನ ವಿಸಿಟರ್ಸ್ ಬರುತ್ತಾರೆ. ಆಯಾ ಕೆಳಗೆ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಾಳೆ. ಹುಡುಗಿಯರು ಚಪ್ಪಲಿ ಸದ್ದು ಮಾಡುತ್ತ ಮೆಟ್ಟಿಲಿಳಿದು ಹೋಗುತ್ತಾರೆ, ಬರುವಾಗ ಕೈಯಲ್ಲಿ ಡಬ್ಬಿ ಇರುತ್ತದೆ. ನನ್ನ ಹೆಸರು ಕೂಗುವುದಿಲ್ಲ ಅಂತ ನನಗೆ ಗೊತ್ತು. ಆದರೂ ಆ ಹೊತ್ತಿಗೆ ಮುಖ ತೊಳೆದು ಜಡೆ ಹಾಕಿಕೊಂಡು ಕೂತಿರುತ್ತೇನೆ. ಯಾಕೆ ಕೂತಿರುತ್ತೇನೆ ಅಂತ ಗೊತ್ತಿಲ್ಲ. ಇವತ್ತೂ ಕೂತಿದ್ದೆ.

ಹಾಸ್ಟೆಲ್ ನನಗೆ ಹೊಸದಲ್ಲ. ಆದರೆ ಶಹಾಬಾದದಿಂದ ವಾಡಿಗೆ ಬಂದು ಗಾಡಿ ಬದಲಿಸಿದರೆ ಚಿತ್ತಾಪುರ. ಬೇಕಾದಾಗ ಹೋಗಬಹುದು ಅಂತ ಇತ್ತು, ಅದಕ್ಕೇ ಹೋಗದೆಯೂ ಇರುತ್ತಿದ್ದೆ. ಇಲ್ಲಿಂದ ಗುಂತಕಲ್ಲಿಗೆ ಒಂದು ರಾತ್ರಿ, ಅಲ್ಲಿಂದ ವಾಡಿಗೆ ಇನ್ನೊಂದು ಗಾಡಿ, ವಾಡಿಯಿಂದ ಮತ್ತೊಂದು.

ಲ್ಯಾಬಿನಲ್ಲಿ ಗಾಜಿನ ಕೊಳವೆ ಒಂದು ಒಡೆದೆ. ಕೆಮಿಸ್ಟ್ರಿ ಟೆಸ್ಟಿನಲ್ಲಿ ಇಡೀ ಕ್ಲಾಸಿಗೆ ಕೊನೆಯವಳು ನಾನು. ಇಲ್ಲಿಯವರೆಗೆ ನಾನು ಯಾವತ್ತೂ ಕೊನೆಗೆ ಬಂದಿರಲಿಲ್ಲ. ಹೋದ ವಾರ ಒಂದು ಇಡೀ ದಿನ ನಾನು ಯಾರ ಜೊತೆಗೂ ಒಂದು ಮಾತೂ ಆಡಲಿಲ್ಲ. ಮಲಗುವಾಗ ಅದು ನೆನಪಾಗಿ, ಸುಮ್ಮನೆ ನನ್ನ ಹೆಸರನ್ನೇ ಒಂದು ಸಲ ಹೇಳಿಕೊಂಡೆ.

ಅಬ್ಬಾ, ನಾನು ಓದು ಬಿಟ್ಟು ಮನೆಗೆ ಬರಲಾ? ಬೇಡ ಅಂದರೆ ಬೇಡ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಬಾ ಅಂತಲೋ ಬೇಡ ಅಂತಲೋ ನೀವೇ ಬರೆಯಬೇಕು. ಮಾಸ್ತರರ ಕೈಯಲ್ಲಿ ಬರೆಸಬಾರದು.

ಸುಗರಾ

*

ಚಿತ್ತಾಪುರ
28 ಜನವರಿ 1962

ಬೇಟಿ ಸುಗರಾಗ ದುವಾ.

ಎರಡು ತಿಂಗಳ ಬರೀಲಿಲ್ಲ, ಮಾಫ್ ಮಾಡು. ಪರೀಕ್ಷಾ ಮುಗೀಲಿ ಅಂತ ಇದ್ದೆ.

ಗುಲಬರ್ಗಾದಾಗ ಒಂದು ಸಣ್ಣ ಹುಡುಗರ ಸಾಲಿಯೊಳಗ ಕುಂದ್ರಿಸಿದ್ರು. ಬೆಂಚು ಗಿಡ್ಡ, ನಮ್ಮ ಮೊಣಕಾಲು ಗದ್ದಕ್ಕ ಬರ್ತಿದ್ದವು. ಎಲ್ಲಾರೂ ನಲವತ್ತು ದಾಟಿದವರು. ಆಳಂದದವರೊಬ್ಬರು ಬಿಸ್ಮಿಲ್ಲಾ ಅಂತ ಉರ್ದುದಾಗ ಬರದು, ಹೆದರಿ ಕಾಟು ಹಾಕಿದ್ರು.

ರಜಾ ಅರ್ಜಿ ಬರ್ಲಿಲ್ಲ. ಬಂದದ್ದು ಇದು: ಪರ ಊರಿನಲ್ಲಿರುವ ನಿಮ್ಮ ಹತ್ತಿರದವರಿಗೆ ನಿಮ್ಮ ಊರಿನ ಸುದ್ದಿ ತಿಳಿಸಿ ಪತ್ರ ಬರೆಯಿರಿ. ನಾ ಪೆನ್ನು ಕಾಗದದ ಮ್ಯಾಲೆ ಇಟ್ಟೆ. ಆಮ್ಯಾಲೆ ಪೆನ್ನು ನಿಲ್ಲಲಿಲ್ಲ. ಭಾನುವಾರ ಜಡಿ ಹಾಕ್ಕೊಂಡು ಕುಂದ್ರೂದು, ಗಾಡಿ ಬದಲಿ ಮಾಡೂದು, ಗಾಜಿನ ಕೊಳವಿ ಒಡದದ್ದು, ನಿನ್ನ ಹೆಸರು ನೀನೇ ಹೇಳ್ಕೊಂಡದ್ದು, ಎಲ್ಲಾ ಬಂತು. ನಿನ್ನ ಡಿಸೆಂಬರಿನ ಖತ್ ಮೊದಲಿನಿಂದ ಕಡೀತನಕ ಬರದೆ. ಕೆಳಗ ಸುಗರಾ ಅಂತ ಸಹಿ ಸೈತ ಹಾಕ್ದೆ. ಘಂಟಿ ಬಾರ್ಸಿ ಕಾಗದ ಕಸ್ಕೊಂಡ ಮ್ಯಾಲೆ ಏನು ಬರದೀನಿ ಅಂತ ತಿಳೀತು. ಅದರಾಗ ಊರಿನ ಸುದ್ದಿ ಏನೂ ಇದ್ದಿಲ್ಲ.

ಅದನ್ನ ನಾ ನಕಲು ತೆಗ್ದಿಲ್ಲ ಬೇಟಿ. ನೀ ಬ್ಯಾಡ ಅಂದಿದ್ದಿ. ತೂಗಿಕೋತ ಓದಿಲ್ಲ. ಒಂದೇ ಸಲ ಓದಿ ಟ್ರಂಕಿನಾಗ ಇಟ್ಟಿದ್ದೆ. ಉಳಿದ ಖತ್ ಹತ್ತು ಹತ್ತು ಸಲ ಬರದಿದ್ದೆ, ಅವು ಒಂದೂ ಬರ್ಲಿಲ್ಲ.

ನಿನ್ನ ಮನಸಿನ ಮಾತು ಯಾರೋ ಗುರ್ತಿಲ್ಲದವರು ಓದಿ ಮಾರ್ಕು ಹಾಕಿರ್ತಾರ. ಅದಕ್ಕ ನನಗ ಭಾಳ ಶರಮ್ ಆಗ್ಯದ.

ನೀ ಕೇಳಿದ್ದು ಓದೀನಿ. ಇಲ್ಲಿ ಚುನಾವಣಾ ಗದ್ದಲ ಜೋರ ಅದ. ದಿನಾ ಜೀಪು, ಮೈಕಿನ ಭೋಂಗಾ. ವೋಟಿಗಿ ನಿಂತವರೊಬ್ಬರು ತಹಸೀಲಿಗಿ ಬಂದಿದ್ರು. ನಾವು ಹನ್ನೊಂದು ಮಂದಿ ಗುಮಾಸ್ತರು ಇನ್ನೊಂದು ವರ್ಷ ಮುದ್ದತ್ ಕೊಡಿಸ್ರಿ ಅಂತ ಅರ್ಜ ಮಾಡಿದ್ವಿ. ವೋಟು ಮುಗೀಲಿ, ಹೊಸಾ ಸರ್ಕಾರ ಕುಂದ್ರಲಿ, ನೋಡೂನು ಅಂದ್ರು.

ಥಂಡಿ ಅದ, ಶಾಲು ಹೊತ್ತುಕೋ.

ಅಬ್ದುಲ್ ಗನಿ

*

ಚಿತ್ತಾಪುರ
4 ಮಾರ್ಚ್ 1962

ಬೇಟಿ,

ನಪಾಸ್ ಆದೆ. ಹನ್ನೊಂದು ಮಂದ್ಯಾಗ ಇಬ್ಬರು ಪಾಸ್.

ಉಳಿದ ಒಂಬತ್ತು ಮಂದಿ ಮುದ್ದತ್ ಕೊಡ್ರಿ ಅಂತ ಅರ್ಜಿ ಬೆಂಗಳೂರಿಗಿ ಕಳ್ಸೀವಿ. ಮಾಸ್ತರರು ಬರದುಕೊಟ್ಟಾರ. ಅದು ಎಲ್ಲಿ ಅದ, ಯಾರ ಟೇಬಲ್ ಮ್ಯಾಲೆ ಅದ ತಿಳೀವಲ್ದು. ನಮ್ಮಲ್ಲಿ ಬೆಂಗಳೂರಿನಾಗ ಯಾರದ್ದರ ಮಂದಿ ಇದ್ದರ ಅದು ನನ್ನ ಮಗಳೇ ಅಂತ ಎಲ್ಲಾರೂ ನನ್ನ ಮಾರಿ ನೋಡ್ಲಿಕತ್ತಾರ. ವಿಧಾನಸೌಧಕ್ಕ ಒಂದು ಸಲ ಹೋಗಿ ಕೇಳ್ತಿ ಏನು? ನಿನ್ನ ಓದು ಕೆಡಿಸಿಕೊಂಡು ಬ್ಯಾಡ.

ಗನಿ

*

ಬೆಂಗಳೂರು
25 ಮಾರ್ಚ್ 1962

ಅಬ್ಬಾ ಅವರಿಗೆ,

ಮೊದಲು ಸುದ್ದಿ. ಮುದ್ದತ್ ಸಿಕ್ಕಿದೆ. ವರ್ಷ ಇಲ್ಲ, ಮೂರು ತಿಂಗಳು. ಜೂನ್ ಮೂವತ್ತರವರೆಗೆ ಯಾರನ್ನೂ ಬಿಡಿಸುವುದಿಲ್ಲ. ಮೇ ಇಪ್ಪತ್ತಕ್ಕೆ ಇನ್ನೊಂದು ಪರೀಕ್ಷೆ. ಆರ್ಡರಿನ ಕಾಪಿ ಈ ವಾರ ನಿಮ್ಮ ಕಚೇರಿಗೆ ಬರುತ್ತದೆ. ನಾನು ಸಹಿಯನ್ನು ಕಣ್ಣಾರೆ ನೋಡಿದ್ದೇನೆ.

ನಾಲ್ಕು ಸಲ ಹೋದೆ. ಮೊದಲ ಸಲ ಆ ದೊಡ್ಡ ಮೆಟ್ಟಿಲುಗಳನ್ನು ನೋಡಿಯೇ ವಾಪಸು ಬಂದೆ. ಎರಡನೆಯ ಸಲ ಒಳಗೆ ಬಿಟ್ಟರು. ಉದ್ದಕ್ಕೆ ಕಾರಿಡಾರು, ಎಲ್ಲ ಬಾಗಿಲೂ ಒಂದೇ ತರಹ. ಎಲ್ಲಿ ಕೇಳಿದರೂ ಇನ್ನೊಂದು ಬಾಗಿಲು ತೋರಿಸಿದರು. ನಿಂತು ನಿಂತು ಸಾಕಾಗಿ, ಒಬ್ಬ ಜವಾನರ ಹತ್ತಿರ ‘ಭಾಳ ಹೊತ್ತಾತ್ರಿ’ ಅಂದುಬಿಟ್ಟೆ. ಅವರು ಎದ್ದು ನಿಂತು ನನ್ನ ಮುಖ ನೋಡಿದರು.

‘ಯಾವೂರು ತಂಗಿ ನಿಂದು?’

ಚಿತ್ತಾಪುರ ಅಂದೆ. ತಮ್ಮ ಸ್ಟೂಲನ್ನು ಎದೆಯ ಬಿಲ್ಲೆಯಷ್ಟೇ ಹೊಳೆಯುವ ಹಾಗೆ ಬಗ್ಗಿ ಒರೆಸಿ, ಕುಂದರು ಅಂದರು. ಅವರ ಹೆಸರು ಮಡಿವಾಳಯ್ಯ, ಸೇಡಂ ತಾಲ್ಲೂಕಿನ ಕುರಕುಂಟಾದವರು. ನಾಲ್ಕು ವರ್ಷದಿಂದ ಇಲ್ಲಿದ್ದಾರೆ, ಮನೆಯವರು ಊರಲ್ಲೇ. ಇಲ್ಲಿ ಎಲ್ಲರೂ ಮರ್ಯಾದೆಯಿಂದಲೇ ಮಾತಾಡುತ್ತಾರಂತೆ, ಆದರೆ ಯಾರೂ ಜಗಳ ಆಡುವುದಿಲ್ಲವಂತೆ, ಅದಕ್ಕೇ ಬೇಸರ ಅಂದರು. ನಾನು ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ಜೋರಾಗಿ ನಕ್ಕೆ.

ಫೈಲು ಎಲ್ಲಿದೆ ಅಂತ ಅವರೇ ಹುಡುಕಿದರು. ಆದರೆ ಆಗ ಸರ್ಕಾರವೇ ಆಗಿರಲಿಲ್ಲ. ಹದಿನಾಲ್ಕನೇ ತಾರೀಖಿಗೆ ಹೊಸ ಮುಖ್ಯಮಂತ್ರಿ ಬಂದ ಮೇಲೆ ಮತ್ತೆ ಹೋದೆ. ಇನ್ನು ಸಹಿ ಆಗುತ್ತದಾ ಅಂತ ಕೇಳಿದರೆ ಮಡಿವಾಳಯ್ಯನವರು ಸುತ್ತ ನೋಡಿ ದನಿ ಇಳಿಸಿದರು.

‘ಮುಖ್ಯಮಂತ್ರಿ ಆಗಬೇಕಾದವರೇ ಚುನಾವಣಾದಾಗ ಸೋತಾರ ತಂಗಿ. ಅವರು ಇನ್ನೊಂದು ಕಡಿ ನಿಂತು ಗೆದ್ದು ಬರೂತನಕ ಇವರು ಕುಂತಾರ. ದೊಡ್ಡ ಫೈಲು ಒಂದೂ ಈಗ ಏಳಂಗಿಲ್ಲ. ನಿಮ್ಮದು ಸಣ್ಣದು, ಎದ್ದರೂ ಎದ್ದೀತು.’

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಾ, ಸಹಿ ಮಾಡುವ ಸಾಹೇಬರು ಮಧ್ಯಾಹ್ನ ಟೂರಿಗೆ ಹೋಗುತ್ತಾರೆ, ಎದುರಿಗೆ ಯಾರಾದರೂ ಇದ್ದರೆ ಫೈಲು ಮೇಲೆ ಬರುತ್ತದೆ ಅಂದರು. ಗುರುವಾರ ನನಗೆ ಬೇರೆ ಕೆಲಸ ಇತ್ತು. ಅದನ್ನು ಬಿಟ್ಟು ಹೋದೆ. ಸಾಹೇಬರು ನನ್ನನ್ನು ಒಳಗೆ ಕರೆದು ಏನಮ್ಮಾ ಅಂದರು. ಏನು ಹೇಳಬೇಕು ಅಂತ ರಾತ್ರಿಯೆಲ್ಲ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. ನಮ್ಮ ತಂದೆ ದಿನಾ ಕಲೀಲಿಕತ್ತಾರ್ರೀ ಅಂದೆ. ಅವರು ಫೈಲು ತೆಗೆಸಿದರು.

ಹೊರಗೆ ಬಂದಾಗ ಮಡಿವಾಳಯ್ಯನವರು, ಮೂರು ತಿಂಗಳ ಸರ್ಕಾರ ಮೂರು ತಿಂಗಳ ನೌಕರಿ ಕೊಟ್ಟದ ನೋಡು ಅಂದರು.

ಕಾಲೇಜಿನ ವಿಷಯ ಬರೆಯುವಂಥದ್ದು ಏನೂ ಇಲ್ಲ. ಏಪ್ರಿಲ್ ಹದಿನೈದಕ್ಕೆ ರಜೆ.

ನಿಮ್ಮ ಮಗಳು
ಸುಗರಾ

*

ಚಿತ್ತಾಪುರ
8 ಏಪ್ರಿಲ್ 1962

ಬೇಟಿ ಸುಗರಾಗ ದುವಾ.

ಆರ್ಡರ್ ಬಂತು. ತಹಸೀಲ್ದಾರ ಸಾಹೇಬರು ಎಲ್ಲಾರ ಎದುರಿಗಿ ಓದಿದ್ರು. ಒಂಬತ್ತು ಮಂದ್ಯಾಗ ನಾಲ್ವರು ಅತ್ತಬಿಟ್ರು. ನಾ ಅಳಲಿಲ್ಲ, ಹೊರಗ ಹೋಗಿ ನೀರು ಕುಡದು ಬಂದೆ. ಮಾಸ್ತರರು ನಿನ್ನ ಮಗಳು ವಕೀಲಳಾಗಲಿ ಅಂದ್ರು.

ನೀ ಬರ್ತಿ ಅಂತ ಮನಿಗಿ ಸುಣ್ಣ ಹೊಡ್ಸೀನಿ. ಎಷ್ಟು ದಿನ ಇರ್ತಿ, ಬರಿ.

ಅಬ್ದುಲ್ ಗನಿ

*

ಬೆಂಗಳೂರು
24 ಜೂನ್ 1962

ಅಬ್ಬಾ,

ನೀವು ಪಾಸಾಗಿದ್ದೀರಿ.

ಶುಕ್ರವಾರ ಮಡಿವಾಳಯ್ಯನವರು ಹಾಸ್ಟೆಲಿನ ಗೇಟಿಗೆ ಬಂದು ನನ್ನ ಹೆಸರು ಕೂಗಿಸಿದರು. ಚುನಾವಣೆಯಲ್ಲಿ ಸೋತಿದ್ದವರು ಗೆದ್ದು ಬಂದು ಗುರುವಾರ ಮುಖ್ಯಮಂತ್ರಿ ಆದರಲ್ಲ, ವಿಧಾನಸೌಧದಲ್ಲಿ ಬಾಗಿಲಿಗೆ ಹಾರ ಕಟ್ಟುವ ಗಡಿಬಿಡಿ. ಆ ಗಡಿಬಿಡಿಯಲ್ಲೇ ಪಾಸಾದವರ ಪಟ್ಟಿ ಟೈಪಾಗಿ ಬಂತಂತೆ. ನಿಮ್ಮದು ಏಳನೆಯ ಹೆಸರು. ನನಗೆ ತೋರಿಸಬೇಕು ಅಂತ ಅವರು ಒಂದು ಚೀಟಿಯ ಮೇಲೆ ಬರೆದುಕೊಂಡು ಬಂದಿದ್ದರು. ಅಬ್ದುಲ್ ಗನಿ, ಚಿತ್ತಾಪುರ, ಉತ್ತೀರ್ಣ. ಕಚೇರಿಗೆ ಕಾಗದ ಬರುವ ಮೊದಲು ನಿಮಗೆ ಈ ಪತ್ರ ಸಿಗಲಿ ಅಂತ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯವನ್ನೂ ಅವರು ಹೇಳಿದರು. ಪಾಸಾದವರನ್ನು ಇನ್ನು ಮೇಲೆ ರಾಜ್ಯದ ಯಾವ ತಾಲ್ಲೂಕಿಗಾದರೂ ಹಾಕಬಹುದಂತೆ. ಇಷ್ಟು ದಿನ ಭಾಷೆ ಬರುವುದಿಲ್ಲ ಅಂತ ನಿಮ್ಮನ್ನು ಚಿತ್ತಾಪುರದಲ್ಲೇ ಬಿಟ್ಟಿದ್ದರು. ಇನ್ನು ಆ ನೆಪ ಇಲ್ಲ. ಕೊಳ್ಳೇಗಾಲವೋ ಕೋಲಾರವೋ ಬರಬಹುದು.

ಈಗ ನನ್ನದು. ನಾನು ರಜೆಯಲ್ಲಿ ಐವತ್ತಾರು ದಿನ ಮನೆಯಲ್ಲಿದ್ದೆ. ದಿನಾ ಬೆಳಿಗ್ಗೆ ಹಿತ್ತಲಲ್ಲಿ ನೀವು ಓದುತ್ತಿದ್ದಿರಿ, ನಾನು ಎದುರಿಗೆ ಕೂತು ತಿದ್ದುತ್ತಿದ್ದೆ. ಮಧ್ಯಾಹ್ನ ನೀವು ಕಚೇರಿಯಿಂದ ಊಟಕ್ಕೆ ಬಂದಾಗ ಇನ್ನೂ ಸ್ವಲ್ಪ ಸಾರು ಹಾಕಲಾ ಅಂತ ಕೇಳುತ್ತಿದ್ದೆ, ಸಾಕು ಅನ್ನುತ್ತಿದ್ದಿರಿ. ಪರೀಕ್ಷೆಯ ದಿನ ಗುಲಬರ್ಗಾಕ್ಕೆ ನಾನೂ ಬಂದು ಶಾಲೆಯ ಹೊರಗೆ ಬೇವಿನ ಮರದ ಕೆಳಗೆ ಮೂರು ತಾಸು ನಿಂತೆ. ಹೊರಗೆ ಬಂದಾಗ ನಿಮ್ಮ ಕೈಗೆಲ್ಲ ಶಾಯಿ ಮೆತ್ತಿತ್ತು. ಈ ಸಲ ಯಾರಿಗೆ ಪತ್ರ ಬರೆದಿರಿ ಅಂತ ಕೇಳಬೇಕೆಂದಿದ್ದೆ. ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯ ಹೊರಗೆ ನೋಡಿದೆ. ನೀವು ಇನ್ನೊಂದು ಕಿಟಕಿಯ ಹೊರಗೆ ನೋಡಿದಿರಿ. ಡಿಸೆಂಬರಿನ ಪತ್ರದ ಮಾತನ್ನು ನೀವೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ನಮಗೆ ಎದುರೆದುರು ಮಾತಾಡಲು ಬರುವುದಿಲ್ಲ ಅಬ್ಬಾ. ಯಾರೂ ಕಲಿಸಲಿಲ್ಲ.

ಹಾಗಾಗಿ ಇದನ್ನೂ ಮನೆಯಲ್ಲಿ ಹೇಳದೆ ವಾಪಸು ಬಂದೆ. ಮಾರ್ಚ್ ಇಪ್ಪತ್ತೆರಡು, ಗುರುವಾರ, ನನಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಅದಕ್ಕೆ ಹೋಗಲಿಲ್ಲ. ರಿಸಲ್ಟು ಮೇ ಕೊನೆಗೇ ಬಂದಿತ್ತು, ಪೋಸ್ಟಿನಲ್ಲಿ ಬಂದ ಕಾರ್ಡನ್ನು ನಾನೇ ತೆಗೆದುಕೊಂಡು ಪುಸ್ತಕದಲ್ಲಿ ಇಟ್ಟುಕೊಂಡೆ. ನಾನು ಫೇಲು. ಇಡೀ ವರ್ಷ ಮತ್ತೆ ಓದಬೇಕು.

ನಿಮಗಾಗಿ ಬಿಟ್ಟೆ ಅಂತ ತಿಳಿದುಕೊಳ್ಳಬೇಡಿ. ನಿಮ್ಮ ಫೈಲು ನಿಜ, ಆದರೆ ಆ ಬೆಳಿಗ್ಗೆ ಲ್ಯಾಬಿಗೆ ಹೋಗದೆ ಇರುವುದಕ್ಕೆ ಒಂದು ಒಳ್ಳೆಯ ಕಾರಣ ಸಿಕ್ಕಿತಲ್ಲ ಅಂತ ನನಗೆ ಖುಷಿಯಾಗಿತ್ತು. ಇದನ್ನು ಹೇಳದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಫೇಲಾದವರಿಗೆ ಹಾಸ್ಟೆಲಿನಲ್ಲಿ ಜಾಗ ಇಲ್ಲ. ಮೂವತ್ತನೇ ತಾರೀಖಿನೊಳಗೆ ಬಿಡಬೇಕು. ಇಲ್ಲೇ ಉಳಿದು ಮತ್ತೆ ಓದುವುದಾದರೆ ಮಡಿವಾಳಯ್ಯನವರು ಗುರುತಿನವರ ಮನೆಯಲ್ಲಿ ಒಂದು ರೂಮು ನೋಡಿದ್ದಾರೆ. ಅದೂ ಆಗಬಹುದು.

ಡಿಸೆಂಬರಿನಲ್ಲಿ ನಾನು ಮನೆಗೆ ಬರಲಾ ಅಂತ ಬರೆದಿದ್ದೆ. ಈಗ ಮನೆ ಎಲ್ಲಿರುತ್ತದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಊರು ಯಾವುದಾದರೂ ಇರಲಿ. ನಾನು ನಿಮ್ಮ ಹತ್ತಿರ ಬಂದು ಇರಲಾ, ಬೇಡವಾ? ಒಂದು ಸಾಲು ಸಾಕು, ಅಕ್ಷರ ಹೇಗಿದ್ದರೂ ಸರಿ.

ಟಪಾಲು ಬರಲು ಮೂರು ದಿನ ಹಿಡಿಯುತ್ತದೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ಸುಗರಾ